ಪ್ರಜಾಪ್ರಭುತ್ವವೂ ಸಾಮಾಜಿಕ ನ್ಯಾಯವೂ

'ಪ್ರಜಾಪ್ರಭುತ್ವ' ಎಂಬುದು ಇಂದು ನಮ್ಮ ನಾಲಗೆಗೆ ತೀರ ಪರಿಚಿತವಾದ ಶಬ್ದ. ಆದರೆ ವಿಗ್ರಹವಾಕ್ಯ ಮಾಡಿ ನೋಡಿದರೆ ಅದರೊಳಗೊಂದು ವಿಸ್ಮಯ ಅಡಗಿದೆ. ಸಂಸ್ಕೃತದಲ್ಲಿ 'ಪ್ರಜಾ' ಎಂದರೆ ಸಂತಾನ, ಮಕ್ಕಳು. ಅರಸನನ್ನು ತಂದೆಯೆಂದು ಭಾವಿಸಿದ ಕಾಲದಲ್ಲಿ ಅವನ ಆಳ್ವಿಕೆಗೊಳಪಟ್ಟವರಿಗೂ ಈ ಹೆಸರು ಸಂದಿತು. 'ಪ್ರಭು' ಎಂದರೆ ಒಡೆಯ. ಪಾಲನೆಗೊಳಗಾದವನೇ ಒಡೆಯನಾಗುವುದು ಈ ಸಮಾಸದ ತಾತ್ಪರ್ಯ. ಈ ಎರಡು ಪದಗಳನ್ನು ಜೋಡಿಸುವುದು ವೈಯಾಕರಣನಿಗೆ ಸುಲಭ. ಅವುಗಳ ಅರ್ಥವನ್ನು ಬಾಳಿನಲ್ಲಿ ಜೋಡಿಸುವುದು ಸಮಾಜಕ್ಕೆ ಸುಲಭವಲ್ಲ.

ನಮ್ಮ ನಾಡಿನ ಚರಿತ್ರೆಯೇ ಇದಕ್ಕೆ ಸಾಕ್ಷಿ. 1881ರಲ್ಲಿ, ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆ ಆರಂಭವಾಯಿತು. ಭೂಮಾಲೀಕರೂ ವರ್ತಕರೂ ಅಲ್ಲಿ ಸೇರಿ ಸರ್ಕಾರದ ಕಾರ್ಯವಿವರವನ್ನು ಕೇಳುತ್ತಿದ್ದರು. ತಮ್ಮ ಅಹವಾಲುಗಳನ್ನು ಬಿನ್ನವಿಸಿಕೊಳ್ಳುತ್ತಿದ್ದರು. ಆದರೆ ಶಾಸನ ಮಾಡುವ ಅಧಿಕಾರ ಆ ಸಭೆಗೆ ಇರಲಿಲ್ಲ. ಪ್ರಜೆ ಮಾತನಾಡಬಹುದಾಗಿತ್ತು, ನಿರ್ಣಯಿಸುವಂತಿರಲಿಲ್ಲ. ಭೂಮಿಯಿಲ್ಲದವನಿಗಂತೂ ಮಾತಿನ ಅವಕಾಶವೂ ದೂರವಾಗಿತ್ತು. 1950ರ ಜನವರಿ 26ರಂದು ಪೂರ್ಣವಾಗಿ ಜಾರಿಗೆ ಬಂದ ಸಂವಿಧಾನವಾದರೋ ಆಸ್ತಿ, ಅಕ್ಷರ, ಜಾತಿ, ಲಿಂಗ ಇವಾವುದನ್ನೂ ಎಣಿಸದೆ 21 ವರ್ಷ ತುಂಬಿದ ಪ್ರತಿಯೊಬ್ಬರಿಗೂ ಮತವನ್ನು ನೀಡಿತು. 1989ರಲ್ಲಿ ಈ ವಯಸ್ಸು 18ಕ್ಕೆ ಇಳಿಯಿತು.

ಇಷ್ಟಕ್ಕೇ ಪ್ರಜೆ ಪ್ರಭುವಾದನೇ? ಈ ಸಂದೇಹವನ್ನು ಸಂವಿಧಾನವನ್ನು ರೂಪಿಸಿದ ಡಾ. ಅಂಬೇಡ್ಕರ್ ಅವರೇ ಎತ್ತಿದ್ದರು. 1949ರ ನವೆಂಬರ್ 25ರಂದು ಸಂವಿಧಾನ ರಚನಾ ಸಭೆಯಲ್ಲಿ ಮಾತನಾಡುತ್ತ, ರಾಜಕೀಯದಲ್ಲಿ ಸಮಾನತೆ, ಸಾಮಾಜಿಕ ಮತ್ತು ಆರ್ಥಿಕ ಜೀವನದಲ್ಲಿ ಅಸಮಾನತೆ ಎಂಬ ವೈರುದ್ಧ್ಯದೊಳಕ್ಕೆ ನಾವು ಕಾಲಿಡುತ್ತಿದ್ದೇವೆ ಎಂದು ಅವರು ಎಚ್ಚರಿಸಿದರು. ಆ ವೈರುದ್ಧ್ಯವನ್ನು ಬೇಗನೆ ನೀಗದಿದ್ದರೆ ಕಷ್ಟಪಟ್ಟು ಕಟ್ಟಿದ ಸೌಧವೇ ಕುಸಿದೀತೆಂಬುದು ಅವರ ಆತಂಕವಾಗಿತ್ತು. ಸಾಮಾಜಿಕ ನ್ಯಾಯವೆಂಬುದು ಪ್ರಜಾಪ್ರಭುತ್ವಕ್ಕೆ ಆಮೇಲೆ ತೊಡಿಸುವ ಆಭರಣವಲ್ಲ, ಅದರ ತಳಪಾಯವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಈ ನ್ಯಾಯವು ನಮ್ಮವರಿಗೆ ಅಪರಿಚಿತವಾದುದಲ್ಲ. ಮೈಸೂರು ಸಂಸ್ಥಾನದ ಸರ್ಕಾರಿ ಹುದ್ದೆಗಳು ಬಹುಮಟ್ಟಿಗೆ ಒಂದೇ ವರ್ಗದವರ ಕೈಯಲ್ಲಿದ್ದಾಗ, ಲಿಂಗಾಯತರು, ಒಕ್ಕಲಿಗರು, ಮುಸ್ಲಿಮರು ಮೊದಲಾದವರು ತಮಗೂ ಪಾಲು ಬೇಕೆಂದು ಕೇಳಿದರು. ನಾಲ್ವಡಿ ಕೃಷ್ಣರಾಜ ಒಡೆಯರ ಸರ್ಕಾರವು 1918ರಲ್ಲಿ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯನ್ನು ನೇಮಿಸಿತು. ಶಿಕ್ಷಣದಲ್ಲಿಯೂ ನೌಕರಿಯಲ್ಲಿಯೂ ಹಿಂದುಳಿದವರಿಗೆ ವಿಶೇಷ ಸೌಲಭ್ಯ ಬೇಕೆಂದು ಆ ಸಮಿತಿ ಶಿಫಾರಸು ಮಾಡಿತು. ದಕ್ಷತೆ ಕುಂದೀತೆಂಬ ಆಕ್ಷೇಪ ಅಂದೂ ಬಲವಾಗಿ ಕೇಳಿಬಂದಿತ್ತು. ಅವಕಾಶ ದೊರೆತರೆ ಯೋಗ್ಯತೆ ತಾನಾಗಿ ಬೆಳೆಯುವುದೆಂದು ಅಂದು ನಮ್ಮ ಹಿರಿಯರು ಉತ್ತರಿಸಿದರು, ಬೆಳೆದೂ ತೋರಿಸಿದರು.

ಆದರೆ 1972ರಲ್ಲಿ ನೇಮಕಗೊಂಡ ಹಾವನೂರ ಆಯೋಗವು 1975ರಲ್ಲಿ ತನ್ನ ವರದಿಯಲ್ಲಿ ಲಿಂಗಾಯತರನ್ನು ಹಿಂದುಳಿದವರ ಪಟ್ಟಿಯಿಂದ ಹೊರಗಿಟ್ಟಾಗ ನಮ್ಮಲ್ಲಿ ಅನೇಕರು ಸಿಡಿದೆದ್ದರು. ನಮ್ಮಲ್ಲಿಯೂ ಕಡುಬಡವರಿದ್ದಾರೆ, ಹಿಂದುಳಿದ ಕಾಯಕದವರಿದ್ದಾರೆ ಎಂಬುದು ದಿಟ. ಅವರ ಪರವಾಗಿ ವಾದಿಸುವುದು ಧರ್ಮವೇ. ಆದರೆ 1918ರಲ್ಲಿ ನಾವು ಹೂಡಿದ ವಾದವನ್ನು ನಮಗಿಂತ ಹಿಂದೆ ಉಳಿದವರು ಹೂಡಿದಾಗ, ಅಂದು ನಮ್ಮೆದುರು ನಿಂತ ಆಕ್ಷೇಪವನ್ನೇ ನಾವು ಎರವಲು ತಂದು ಅವರೆದುರು ನಿಲ್ಲಿಸುವುದು ನ್ಯಾಯವಾಗಲಾರದು. ಏರಿದ ಮೇಲೆ ಏಣಿಯನ್ನು ಒದೆಯಬಾರದು.

ಅಮೆರಿಕದ ತತ್ತ್ವಜ್ಞಾನಿ ಜಾನ್ ರಾಲ್ಸ್ 1971ರಲ್ಲಿ ಪ್ರಕಟಿಸಿದ ನ್ಯಾಯಮೀಮಾಂಸೆಯ ಗ್ರಂಥದಲ್ಲಿ ಇದಕ್ಕೊಂದು ಒರೆಗಲ್ಲನ್ನು ಒದಗಿಸಿದ್ದಾರೆ. ಸಮಾಜದಲ್ಲಿ ತನ್ನ ಸ್ಥಾನ ಯಾವುದೆಂದು ಅರಿಯದಂತೆ ತೆರೆಯೊಂದನ್ನು ಇಳಿಬಿಟ್ಟುಕೊಂಡು, ಆಮೇಲೆ ನಿಯಮಗಳನ್ನು ಆರಿಸಬೇಕೆಂಬುದು ಅವರ ಮತ. ನಮ್ಮ ಪಂಕ್ತಿಭೋಜನವನ್ನು ನೆನೆದರೆ ಇದು ಸುಲಭವಾಗಿ ಮನದಟ್ಟಾಗುತ್ತದೆ. ತಾನು ಯಾವ ಎಲೆಯ ಮುಂದೆ ಕುಳಿತುಕೊಳ್ಳುವೆನೆಂದು ಬಡಿಸುವವನಿಗೆ ತಿಳಿಯದಿದ್ದರೆ, ಅವನು ಪಂಕ್ತಿಯ ಕೊನೆಯ ಎಲೆಯನ್ನು ಮರೆಯಲಾರ.

ಕೊನೆಯದಾಗಿ, ವಿದ್ಯಾದಾನವನ್ನು ಕುರಿತು ಒಂದು ಮಾತು. ಈ ಲೇಖಕನೂ ಉಚಿತ ಪ್ರಸಾದನಿಲಯದ ಅನ್ನದಿಂದ ಓದಿದವನು. ದಾನಿಗಳ ಋಣವನ್ನು ಎಂದಿಗೂ ಮರೆಯಲಾರ. ಆದರೂ ಹೇಳಬೇಕಾಗಿದೆ. ಕೆಲವು ವರ್ಷಗಳ ಹಿಂದೆ ಬೇರೊಂದು ಊರಿನ ಶಾಲೆಯೊಂದರ ಸಮಾರಂಭದಲ್ಲಿ ಬಡಮಕ್ಕಳನ್ನು ವೇದಿಕೆಯ ಮೇಲೆ ಸಾಲಾಗಿ ನಿಲ್ಲಿಸಿ, ಅವರವರ ಮನೆಯ ಬಡತನವನ್ನು ಧ್ವನಿವರ್ಧಕದಲ್ಲಿ ಸಾರಿ, ಪುಸ್ತಕಗಳನ್ನು ಹಂಚಲಾಯಿತು. ಹೆಸರು ಕರೆದಾಗ ಒಬ್ಬ ಬಾಲಕ ಎದ್ದು ಬರಲಿಲ್ಲ. ಅವನನ್ನು ಅವಿನಯಿಯೆಂದು ಗದರಿಸಿದವರಲ್ಲಿ ನಾನೂ ಒಬ್ಬ. ಆ ರಾತ್ರಿ ನಿದ್ರೆ ಬರಲಿಲ್ಲ. ಪುಸ್ತಕ ಅವನಿಗೆ ಬೇಕಾಗಿತ್ತು. ಅದರ ಬೆಲೆಯಾಗಿ ನಾವು ಕೇಳಿದುದು ಅವನ ಮಾನವನ್ನು. ಆರರಿಂದ ಹದಿನಾಲ್ಕು ವಯಸ್ಸಿನ ಮಕ್ಕಳಿಗೆ ಶಿಕ್ಷಣವು ಮೂಲಭೂತ ಹಕ್ಕೆಂದು 2002ರ ಸಂವಿಧಾನ ತಿದ್ದುಪಡಿ ಸಾರಿತು. ಅದನ್ನು ಕಾರ್ಯಗತಗೊಳಿಸುವ ಕಾಯಿದೆ 2009ರಲ್ಲಿ ಬಂದಿತು. ಹಕ್ಕನ್ನು ಪಡೆಯುವವನು ತಲೆ ತಗ್ಗಿಸಬೇಕಾಗಿಲ್ಲ.

ಶರಣರು ದಾನಕ್ಕಿಂತ ದಾಸೋಹವನ್ನು ಹಿರಿದೆಂದು ಎಣಿಸಿದುದೂ ಇದೇ ಕಾರಣದಿಂದ. ದಾನದಲ್ಲಿ ಕೊಡುವವನು ದೊಡ್ಡವನಾಗಿ ಉಳಿಯುತ್ತಾನೆ. ದಾಸೋಹದಲ್ಲಿ ಕೊಡುವವನೇ ದಾಸನೆಂದು ಭಾವಿಸಿಕೊಳ್ಳುತ್ತಾನೆ. ನಮ್ಮ ಶಾಲೆಗಳಲ್ಲಿ ಪುಸ್ತಕವೂ ಅನ್ನವೂ ಸದ್ದಿಲ್ಲದೆ ಮಕ್ಕಳ ಕೈಸೇರಲಿ. ದಾನಿಗಳ ಹೆಸರು ಕಲ್ಲಿನ ಮೇಲೆ ಶಾಶ್ವತವಾಗಿರಲಿ. ಪಡೆದ ಮಗುವಿನ ಹೆಸರು ಹಾಜರಿ ಪುಸ್ತಕದಲ್ಲಿ ಉಳಿದ ಮಕ್ಕಳ ಹೆಸರಿನೊಡನೆ ಬೆರೆತಿರಲಿ. ಪ್ರಜೆಯು ಪ್ರಭುವಾಗುವ ಶಿಕ್ಷಣ ಅಲ್ಲಿಂದಲೇ ಮೊದಲಾಗುವುದೆಂದು ಈ ಲೇಖಕನ ವಿನಮ್ರ ನಂಬಿಕೆ.