ಅಣೆಕಟ್ಟೆಯ ಪಕ್ಕದಲ್ಲೇ ಓದುವ ಮಕ್ಕಳು ಅಣೆಕಟ್ಟೆಯನ್ನು ಓದಲಿ



2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟಿನ ಚೈನ್ ತುಂಡಾಗಿ ಗೇಟು ಕೊಚ್ಚಿಹೋಯಿತು. ಒತ್ತಡ ಇಳಿಸಲು ಉಳಿದ ಗೇಟುಗಳನ್ನೂ ಎತ್ತಿ ತುಂಬಿದ ಕೆರೆಯಂತಿದ್ದ ಜಲಾಶಯದ ನೀರನ್ನು ನದಿಗೆ ಬಿಡಬೇಕಾಯಿತು. ಕಾಲುವೆ ನಂಬಿದ ರೈತರಿಗೆ ಆ ವಾರ ನಿದ್ದೆಯಿರಲಿಲ್ಲ. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ತಲಾ 60 ಅಡಿ ಅಗಲ, 4 ಅಡಿ ಎತ್ತರದ ಉಕ್ಕಿನ ಹಲಗೆಗಳನ್ನು ಹರಿಯುವ ನೀರಿನಲ್ಲೇ ಒಂದರ ಮೇಲೊಂದು ಇಳಿಸಿ ಬಾಗಿಲು ಮುಚ್ಚಲಾಯಿತು. ವೆಲ್ಡರು, ಫಿಟ್ಟರು, ಕ್ರೇನ್ ನಡೆಸುವವರು ಹಗಲಿರುಳು ದುಡಿದರು.

ಎಲ್ಲರೂ ಅವರನ್ನು ಕೊಂಡಾಡಿದರು, ಅದು ಸರಿಯೇ. ಆದರೆ ದಾರಿ ತೋರಿಸಿದವರು ನಿವೃತ್ತರಾಗಿ ಎಷ್ಟೋ ವರ್ಷವಾದ ಹಿರಿಯರು. ಇನ್ನು ಇಪ್ಪತ್ತು ವರ್ಷಕ್ಕೆ ಇಂಥ ಕೆಲಸಕ್ಕೆ ಯಾರನ್ನು ಕರೆಯಬೇಕು? ಸರ್ಕಾರಿ ಎಂಜಿನಿಯರ್ ಆಗಿ ಜೀವಮಾನ ಕಳೆದ ನನ್ನನ್ನು ಈ ಪ್ರಶ್ನೆ ಬಿಟ್ಟಿಲ್ಲ.

ನಮ್ಮ ಹಿರಿಯರು ಈ ದಿಕ್ಕಿನಲ್ಲಿ ಯೋಚಿಸದೆ ಇರಲಿಲ್ಲ. 1947ರಲ್ಲಿ ಹುಬ್ಬಳ್ಳಿಯಲ್ಲಿ, 1963ರಲ್ಲಿ ಬಾಗಲಕೋಟೆ ಮತ್ತು ತುಮಕೂರಿನಲ್ಲಿ ನಮ್ಮ ಸಂಘ, ಮಠಗಳು ಎಂಜಿನಿಯರಿಂಗ್ ಕಾಲೇಜು ತೆರೆದವು. 1916ರಲ್ಲಿ ಹುಟ್ಟಿದ ಬಳ್ಳಾರಿಯ ವೀರಶೈವ ವಿದ್ಯಾವರ್ಧಕ ಸಂಘವು 1997ರಲ್ಲಿ ಹೊಸಪೇಟೆಯ ಟಿ.ಬಿ. ಡ್ಯಾಂ ಪ್ರದೇಶದಲ್ಲೇ ಪ್ರೌಢದೇವರಾಯ ತಾಂತ್ರಿಕ ಮಹಾವಿದ್ಯಾಲಯ ಕಟ್ಟಿತು. ಹಳ್ಳಿಯ ಮಗ ಮನೆಯ ರೊಟ್ಟಿ ತಿಂದು ಎಂಜಿನಿಯರ್ ಆಗುವ ಕಾಲ ಬಂತು. ಇದು ಸಣ್ಣ ಸಾಧನೆಯಲ್ಲ.

ಈಗ ನಾನು ಹೇಳುವುದು ಯಾವುದೋ ಒಂದು ಕಾಲೇಜಿನ ಮೇಲಿನ ದೂರಲ್ಲ, ರಾಜ್ಯದ ಎಲ್ಲ ಕಡೆಯ ಮಾತು. ಕಂಪ್ಯೂಟರ್ ಸೀಟಿಗೆ ನೂಕುನುಗ್ಗಲು, ಸಿವಿಲ್ ಮತ್ತು ಮೆಕ್ಯಾನಿಕಲ್ ಸೀಟು ಕೇಳುವವರು ಕಡಿಮೆ. ಇಂಟರ್ನ್‌ಶಿಪ್ ಎಂದರೆ ಎಲ್ಲಿಂದಲೋ ತಂದ ಒಂದು ಸರ್ಟಿಫಿಕೇಟ್, ಪ್ರಾಜೆಕ್ಟ್ ಎಂದರೆ ದುಡ್ಡು ಕೊಟ್ಟು ಮಾಡಿಸಿದ ಒಂದು ಪುಸ್ತಕ ಎನ್ನುವಂತಾಗಿದೆ. ಕೈ ಕೊಳೆಯಾಗದ ಓದೇ ದೊಡ್ಡ ಓದು ಎಂಬ ಭಾವನೆ ಮನೆಮನೆಯಲ್ಲಿದೆ. ಮಾದಾರ ಚೆನ್ನಯ್ಯ, ಮೇದಾರ ಕೇತಯ್ಯ, ನುಲಿಯ ಚಂದಯ್ಯನವರ ಹೆಸರು ಹೇಳುವ ನಮ್ಮ ಮನೆಗಳಿಗೆ ಈ ಭಾವನೆ ಒಪ್ಪುತ್ತದೆಯೇ?

ತಂದೆತಾಯಿಗಳ ಉತ್ತರ ನನಗೆ ಗೊತ್ತು: "ಸಿವಿಲ್ ಓದಿದ ಹುಡುಗನಿಗೆ ಗುತ್ತಿಗೆದಾರ ಮೊದಲಿಗೆ ಎಷ್ಟು ಸಂಬಳ ಕೊಡುತ್ತಾನೆ, ಹೇಳಿ ಸರ್." ಇದು ನಿಜ. ಸಾಲ ಮಾಡಿ ಓದಿಸುವವರಿಗೆ ಬರೀ ಉಪದೇಶ ಮಾಡುವುದು ಸರಿಯಲ್ಲ. ಕಂಪ್ಯೂಟರ್ ಓದಬೇಡಿ ಎಂದೂ ನಾನು ಹೇಳುವುದಿಲ್ಲ. ಗೇಟಿನ ಚೈನ್ ಮೇಲೆ ಬೀಳುವ ಭಾರ ಅಳೆಯುವುದು, ಕಾಲುವೆಯ ಕೊನೆಯ ಹೊಲಕ್ಕೆ ನೀರು ಮುಟ್ಟಿತೇ ಎಂದು ತಿಳಿಯುವುದು ಇವೆಲ್ಲ ಇಂದು ಕಂಪ್ಯೂಟರಿನ ಕೆಲಸವೂ ಹೌದು. ಓದುವ ಶಾಖೆ ಯಾವುದಾದರೂ ಇರಲಿ, ಓದು ಈ ನೆಲಕ್ಕೆ ಇಳಿಯಲಿ ಎನ್ನುವುದಷ್ಟೇ ನನ್ನ ಮಾತು.

ಈ ನೆಲದಷ್ಟು ದೊಡ್ಡ ಪ್ರಯೋಗಶಾಲೆ ಬೇರೆ ಎಲ್ಲಿದೆ? ಸುರ್ಕಿ ಗಾರೆಯಲ್ಲಿ ಕಲ್ಲು ಕಟ್ಟಿದ ಅಣೆಕಟ್ಟೆ ಇದೆ, ಅದಕ್ಕೆ 33 ಗೇಟುಗಳಿವೆ. ಸುಮಾರು 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಹೂಳು ತುಂಬಿ ಸುಮಾರು 105ಕ್ಕೆ ಇಳಿದಿದೆ. ಹಂಪಿಯಲ್ಲಿ ವಿಜಯನಗರ ಅರಸರ ಕಾಲದ ತುರ್ತು ಕಾಲುವೆ ಇಂದಿಗೂ ಬಾಳೆ ತೋಟಕ್ಕೆ ನೀರುಣಿಸುತ್ತದೆ. ಪಂಪಿಲ್ಲದೆ ಬರೀ ಇಳಿಜಾರು ಲೆಕ್ಕ ಹಾಕಿ ಅದನ್ನು ತಂದರು. ಕಂಪ್ಲಿ–ಗಂಗಾವತಿ ನಡುವಿನ ಸೇತುವೆ ದೊಡ್ಡ ಪ್ರವಾಹ ಬಂದಾಗ ಮುಳುಗುತ್ತದೆ, ಜನ ಬಳಸು ದಾರಿ ಹಿಡಿಯುತ್ತಾರೆ. ಸಂಡೂರಿನಲ್ಲಿ 2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸಿ, ಮುಂದೆ ಗುಡ್ಡದ ಮಣ್ಣು ಹಳ್ಳಕ್ಕೆ ಹರಿಯದಂತೆ ತಡೆಗೋಡೆ, ಚೆಕ್ ಡ್ಯಾಂ ಕಟ್ಟುವ ಯೋಜನೆಗಳಿಗೆ ದಾರಿ ಮಾಡಿತು. ಅವು ಎಷ್ಟು ನಿಂತಿವೆ, ಎಷ್ಟು ಬಿರುಕು ಬಿಟ್ಟಿವೆ ಎಂದು ಅಳೆದು ನೋಡುವ ವಿದ್ಯಾರ್ಥಿಗಳು ಬೇಕಲ್ಲವೇ?

ಆದ್ದರಿಂದ ಮೂರು ಸಲಹೆಗಳನ್ನು ಪೂಜ್ಯರ ಮತ್ತು ಆಡಳಿತ ಮಂಡಳಿಗಳ ಮುಂದಿಡುತ್ತೇನೆ.

ಒಂದು, ಪ್ರತಿ ವಿದ್ಯಾರ್ಥಿ ಒಂದು ಗೇಟು, ಒಂದು ಕಾಲುವೆ, ಒಂದು ಕೆರೆ ಅಥವಾ ಒಂದು ರಸ್ತೆಯನ್ನು ಆರು ತಿಂಗಳು ಹಿಡಿದು ಓದಲಿ. ಕಾಲುವೆಯ ಸೌಡಿ, ವರ್ಕ್‌ಶಾಪಿನ ಮೇಸ್ತ್ರಿ ಅವನಿಗೆ ಗುರುಗಳಾಗಲಿ. ಕೊನೆಗೆ ಕಂಡದ್ದನ್ನು ಕನ್ನಡದಲ್ಲಿ ಬರೆದು ಆ ಊರಿನ ರೈತರ ಮುಂದೆ ಓದಿ ಹೇಳಲಿ.

ಎರಡು, ಕನ್ನಡ ಮಾಧ್ಯಮದಿಂದ ಬಂದ ಮಕ್ಕಳು ಮೊದಲ ವರ್ಷದ ಗಣಿತದಲ್ಲೇ ಎಡವುತ್ತಾರೆ. ಅವರ ಬುದ್ಧಿ ಕಡಿಮೆಯಲ್ಲ, ಭಾಷೆ ಅಡ್ಡ ಬರುತ್ತದೆ. ಮಠಗಳ ಪ್ರಸಾದ ನಿಲಯಗಳಲ್ಲಿ ಭಾನುವಾರಕ್ಕೆರಡು ತಾಸು ಪಾಠ ನಡೆಯಲಿ. ನಿವೃತ್ತ ಎಂಜಿನಿಯರುಗಳು ಪ್ರತಿ ಊರಿನಲ್ಲೂ ಇದ್ದೇವೆ. ಕರೆದರೆ ಬರುತ್ತೇವೆ, ಸಂಬಳ ಬೇಡ.

ಮೂರು, ದಾಸೋಹಕ್ಕೆ ಕೊಡುವ ದಾನಿಗಳು ಸಿವಿಲ್, ಮೆಕ್ಯಾನಿಕಲ್ ಆರಿಸಿಕೊಂಡ ಬಡ ಮಕ್ಕಳ ಶುಲ್ಕದ ಒಂದು ಪಾಲನ್ನು ಹೊರಲಿ. ಸಂಬಳದ ಭಯಕ್ಕೆ ಇದು ಸ್ವಲ್ಪವಾದರೂ ಆಸರೆ.

ಆ ರಾತ್ರಿ ಹೋದದ್ದು ಒಂದೇ ಗೇಟು. ಆದರೆ ಮರುವರ್ಷ, 2025ರಲ್ಲಿ, ತಜ್ಞರ ಸಲಹೆಯಂತೆ 80 ಟಿಎಂಸಿ ಮಾತ್ರ ನಿಲ್ಲಿಸಬೇಕಾಯಿತು, ಗೇಟು ಬದಲಿಸಲು ಎರಡನೇ ಬೆಳೆಯ ನೀರನ್ನೇ ಬಿಡಬೇಕಾಯಿತು. ಅಣೆಕಟ್ಟೆಯನ್ನು ನೋಡಿಕೊಳ್ಳುವ ಕೈಗಳನ್ನು ಸಿದ್ಧಮಾಡದಿದ್ದರೆ ಆಗುವ ನಷ್ಟ ರೈತನ ಅನ್ನದ ತಟ್ಟೆಗೇ ಬರುತ್ತದೆ. ಕಾಲೇಜು ಕಟ್ಟಿ ಹಿರಿಯರು ತಮ್ಮ ಕೆಲಸ ಮಾಡಿದರು. ಅಲ್ಲಿ ಓದುವ ಮಕ್ಕಳನ್ನು ಅಣೆಕಟ್ಟೆಯ ಮೆಟ್ಟಿಲು ಹತ್ತಿಸುವುದು ನಮ್ಮ ಪಾಲಿನ ಕಾಯಕ.