ಆಟೋಪೈಲಟ್ಟೋ, ಕೈಯೋ?

"ವಿಮಾನ ತಾನ ಹಾರತೈತಿ, ಪೈಲಟ್ ಸುಮ್ನ ಕುಂತಿರ್ತಾನ" - ನಮ್ಮ ಚಿಕ್ಕೋಡಿ, ನಿಪ್ಪಾಣಿ ಕಡೆ ಯಾರನ್ನು ಕೇಳಿದರೂ ಹೀಗೇ ಹೇಳುತ್ತಾರೆ. ನನ್ನ ಜೊತೆ ಕೋಡ್ ಬರೆಯುವವರು ಇನ್ನೂ ಮುಂದೆ ಹೋಗಿ, ಮನುಷ್ಯನನ್ನು ತೆಗೆದುಬಿಟ್ಟರೆ ಅಪಘಾತವೇ ಇರಲ್ಲ ಅಂತಾರೆ. ನಾನು ಒಪ್ಪಲ್ಲ.

ಮಂಗಳೂರನ್ನೇ ತಗೊಳ್ಳಿ. 2010ರ ಮೇ 22ರ ಬೆಳಿಗ್ಗೆ ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ಬೋಯಿಂಗ್ 737 ಬಜ್ಪೆಯ ಗುಡ್ಡದಿಂದ ಕೆಳಗುರುಳಿತು. 166 ಜನರಲ್ಲಿ ಉಳಿದವರು 8 ಮಂದಿ. ದಾರಿಯಲ್ಲಿ ಕ್ಯಾಪ್ಟನ್ ಒಂದೂವರೆ ಗಂಟೆಗೂ ಹೆಚ್ಚು ನಿದ್ದೆ ಮಾಡಿದ್ದರು ಅಂತ ತನಿಖೆ ಹೇಳಿತು. ರನ್‌ವೇ ಹತ್ತಿರ ಬಂದಾಗ ವಿಮಾನ ಇರಬೇಕಾದ್ದಕ್ಕಿಂತ ಸುಮಾರು ಎರಡು ಪಟ್ಟು ಎತ್ತರದಲ್ಲಿತ್ತು. ಇಳಿಜಾರಿನ ದಾರಿ ತೋರಿಸಲು ನೆಲದಿಂದ ಬರುವ ರೇಡಿಯೋ ಕಿರಣಕ್ಕೆ ಮೇಲುಗಡೆ ಸುಳ್ಳು ಕಿರಣಗಳೂ ಇರುತ್ತವೆ. ಆಟೋಪೈಲಟ್ ಅಂಥದ್ದೊಂದನ್ನು ಹಿಡಿದು ನಿಷ್ಠೆಯಿಂದ ಇಳಿಯುತ್ತಿತ್ತು!

ಆಮೇಲೆ ಕ್ಯಾಪ್ಟನ್ ಆಟೋಪೈಲಟ್ ತೆಗೆದು ಕೈಯಿಂದ ನೆಲದ ಕಡೆ ಧುಮುಕಿಸಿದರು. ಸಹಪೈಲಟ್ "ಗೋ ಅರೌಂಡ್" ಅಂದರು, ಅಂದರೆ ಇಳಿಸಬೇಡ, ಮೇಲಕ್ಕೆ ಹೋಗಿ ಸುತ್ತಿ ಬಾ ಅಂತ. ಯಂತ್ರವೂ ಕೂಗುತ್ತಿತ್ತು. ಕೇಳಲಿಲ್ಲ. 8033 ಅಡಿಯ ರನ್‌ವೇಯಲ್ಲಿ ಚಕ್ರ ನೆಲಕ್ಕೆ ತಾಗಿದ್ದು ಸುಮಾರು 5200 ಅಡಿ ದಾಟಿದ ಮೇಲೆ.

ಇಲ್ಲಿ ಯಂತ್ರಕ್ಕೆ ತಾನೆಲ್ಲಿದ್ದೇನೆ ಅನ್ನೋದು ತಿಳಿಯಲಿಲ್ಲ, ಕೈಗೆ ಕೆಲಸ ಸಿಕ್ಕಿದ್ದು ಕೆಟ್ಟ ಹೊತ್ತಿನಲ್ಲಿ. ಕೆಟ್ಟುಹೋದ ಅಪ್ರೋಚನ್ನು ರಿಪೇರಿ ಮಾಡೋಕೆ ಆಟೋಪೈಲಟ್ ತೆಗೆಯೋದು ಕೈಹಾರಾಟವಲ್ಲ, ಜೂಜು. ಅಲ್ಲಿ ಮಾಡಬೇಕಾದ್ದು ಒಂದೇ, ಮೇಲಕ್ಕೆ ಹೋಗೋದು.

ಹಾಗಂತ ಸದಾ ಯಂತ್ರಕ್ಕೇ ಬಿಟ್ಟರೆ? 2013ರ ಜುಲೈ 6ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಆಕಾಶ ತಿಳಿಯಾಗಿತ್ತು. ಆ ದಿನ ಇಳಿಜಾರು ತೋರಿಸುವ ಕಿರಣ ಮಾತ್ರ ಇರಲಿಲ್ಲ. ವೇಗವನ್ನು ಆಟೋಥ್ರಾಟಲ್ ಕಾಯುತ್ತಿದೆ ಅಂತ ಏಷಿಯಾನಾ ಪೈಲಟ್‌ಗಳು ನಂಬಿದ್ದರು. ಅದು ಕಾಯುತ್ತಿರಲಿಲ್ಲ. ಬೋಯಿಂಗ್ 777ರ ಬಾಲ ರನ್‌ವೇ ಮುಂದಿನ ಕಡಲಗೋಡೆಗೆ ಬಡಿಯಿತು, 3 ಜನ ಸತ್ತರು. ತಮಾಷೆ ನೋಡಿ, ಅದೇ ವರ್ಷದ ಜನವರಿಯಲ್ಲಷ್ಟೇ ಅಮೆರಿಕದ ಎಫ್‌ಎಎ, ಪೈಲಟ್‌ಗಳಿಗೆ ಕೈಯಿಂದ ಹಾರಿಸುವ ಅವಕಾಶ ಹೆಚ್ಚಿಸಿ ಅಂತ ಕಂಪನಿಗಳಿಗೆ ಹೇಳಿತ್ತು.

ನನ್ನ ಲೆಕ್ಕ ಇಷ್ಟೇ. ದೆಹಲಿಯ ಚಳಿಗಾಲದ ದಟ್ಟ ಮಂಜಿನಲ್ಲಿ ಆಟೋಲ್ಯಾಂಡೇ ಬೇಕು, ಅಲ್ಲಿ ವಾದವೇ ಇಲ್ಲ. ರಾತ್ರಿಯಿಡೀ ಹಾರಿ ದಣಿದಿದ್ದಾಗ, ಮೋಡ ಕೆಳಗಿದ್ದಾಗ ಯಂತ್ರವೇ ಹಿಡಿದಿರಲಿ, ಇಬ್ಬರೂ ಅದನ್ನು ಅನುಮಾನದಿಂದ ನೋಡುತ್ತಿರಲಿ. ಆದರೆ ಹವೆ ತಿಳಿಯಾಗಿದ್ದು, ಟ್ರಾಫಿಕ್ ಕಡಿಮೆಯಿದ್ದು, ಇಬ್ಬರೂ ಚುರುಕಾಗಿದ್ದರೆ, ಮೊದಲೇ ಮಾತಾಡಿಕೊಂಡು ಮೇಲಿನಿಂದಲೇ ಕೈಯಿಂದ ಇಳಿಸಲಿ. ಕಂಪನಿಗಳು ಇದಕ್ಕೆ ಅಡ್ಡಿ ಮಾಡಬಾರದು. ಯಂತ್ರ ಕೈಕೊಡುವ ದಿನ ಅಭ್ಯಾಸ ಶುರುಮಾಡೋಕೆ ಆಗುತ್ತಾ?

ಅಥಣಿ, ಕಾಗವಾಡ, ರಾಯಬಾಗದ ನಮ್ಮ ಮಂದಿ ವಿಮಾನ ಹತ್ತೋದು ಸಾಂಬ್ರಾದಲ್ಲಿ, ಇಲ್ಲಾ ಕೊಲ್ಲಾಪುರದಲ್ಲಿ. ಜನವರಿಯ ಬಿಸಿಲಿನಲ್ಲಿ ಅಲ್ಲಿ ಕೈಯಿಂದ ಇಳಿಸುವಾಗ ವಿಮಾನ ಸ್ವಲ್ಪ ಅಲುಗಾಡಿದರೆ ನಾನಂತೂ ಬೈಯಲ್ಲ :-)