ವಂಶಾವಳಿಯೂ ವಿವೇಕವೂ

ಮಲಪ್ರಭೆಯ ಈ ಸೀಮೆಯಲ್ಲಿ ಮನೆತನಗಳ ವಂಶಾವಳಿಯನ್ನು ಕಾಪಾಡಿಕೊಂಡು ಬಂದವರು ಹೆಳವರು. ಎತ್ತಿನೊಡನೆ ಊರೂರು ಸಂಚರಿಸಿ, ಒಕ್ಕಲುಮನೆಯವರ ಸಮ್ಮುಖದಲ್ಲಿಯೇ ಅವರ ಹಿರಿಯರ ಹೆಸರುಗಳನ್ನು ಹೇಳಿ ದವಸ ಪಡೆಯುವುದು ಅವರ ವೃತ್ತಿ. ಹೇಳುವವನಾರೆಂದು ಕೇಳುವವರು ಬಲ್ಲರು. ಕೇಳುವವರಾರೆಂದು ಹೇಳುವವನು ಬಲ್ಲನು.

ಇಂದಾದರೋ ಅದೇ ವಂಶವೃಕ್ಷವನ್ನು ಅಂತರಜಾಲದಲ್ಲಿ ಅಪರಿಚಿತರಿಗೆ ಒಪ್ಪಿಸುತ್ತಿದ್ದೇವೆ. ತಾಯಿಯ ತವರುಮನೆತನ, ಜನ್ಮದಿನ, ಹುಟ್ಟಿದೂರು ಇಷ್ಟು ದೊರೆತರೆ ವಂಚಕನು ಬಂಧುವಿನ ವೇಷ ತೊಡಬಲ್ಲನು. ದತ್ತಕ, ಮರುಮದುವೆಗಳಂತಹ ಮನೆಯೊಳಗಿನ ಸಂಗತಿಗಳೂ ಬೀದಿಗೆ ಬೀಳುವುವು. ಅನುವಂಶೀಯ ಪರೀಕ್ಷೆಯಿಂದ ಬಂಧುಗಳನ್ನು ತೋರಿಸಿಕೊಡುವ ಅಮೆರಿಕೆಯ ಟ್ವೆಂಟಿತ್ರೀ ಆ್ಯಂಡ್ ಮೀ ಸಂಸ್ಥೆಯಲ್ಲಿ 2023ರಲ್ಲಿ ಕಳ್ಳರು ನೇರವಾಗಿ ಹೊಕ್ಕದ್ದು ಸುಮಾರು 14,000 ಖಾತೆಗಳನ್ನು. ಬಂಧುತ್ವದ ಕೊಂಡಿಯಿಂದ ಬಯಲಾದದ್ದು ಸುಮಾರು 69 ಲಕ್ಷ ಜನರ ವಿವರ. ಒಬ್ಬನ ಬಾಗಿಲು ತೆರೆದರೆ ಬಳಗದ ಮನೆಗಳೆಲ್ಲ ತೆರೆದಂತೆ.

ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2017ರಲ್ಲಿ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಆ ಹಕ್ಕು ವಂಶವೃಕ್ಷವನ್ನು ಬರೆಯುವವನದಷ್ಟೇ ಅಲ್ಲ, ಅದರಲ್ಲಿ ಹೆಸರಿರುವ ಪ್ರತಿಯೊಬ್ಬರದು. ಆದುದರಿಂದ ಗತಿಸಿದ ಹಿರಿಯರನ್ನು ಹೆಮ್ಮೆಯಿಂದ ಸ್ಮರಿಸೋಣ; ಬದುಕಿರುವವರ ವಿವರವನ್ನು ಅವರ ಒಪ್ಪಿಗೆಯಿಲ್ಲದೆ ಪರರಿಗೆ ಕೊಡದಿರೋಣ. ಮಕ್ಕಳಿಂದ ವಂಶವೃಕ್ಷ ಬರೆಯಿಸುವ ಶಿಕ್ಷಕರು ಈ ವಿವೇಕವನ್ನೂ ಜೊತೆಗೇ ಕಲಿಸುವುದು ಯುಕ್ತ.